ಸಾವಿರಾರು ಫೋಟೋ ಫೈಲ್‌ಗಳಿಗೆ ಒಟ್ಟಿಗೇ ಡೇಟ್ ಪ್ರಕಾರ ಹೆಸರು ಕೊಡೋದು ಹೇಗೆ?

ಬಸವನಗುಡಿ_ಹುಡ್ಗ:
ಎಲ್ಲರ್ಗೂ ನಮಸ್ಕಾರ. ಕಡಲೆಕಾಯಿ ಪರಿಷೆ ಫೋಟೋ ಪ್ರತಿ ವರ್ಷ ತೆಗೀತೀವಿ, ನಾನು ನಿಕಾನ್‌ನಲ್ಲಿ, ತಂಗಿ ಫೋನಲ್ಲಿ. ಈಗ ಎಲ್ಲಾ ಒಂದೇ ಹಾರ್ಡ್ ಡಿಸ್ಕಿಗೆ ಹಾಕೋಣ ಅಂದ್ರೆ ಡಿಎಸ್‌ಸಿ_0412 ಅನ್ನೋ ಹೆಸರು ಬೇರೆ ಬೇರೆ ಫೋಲ್ಡರಲ್ಲಿ ಇದೆ, ಒಂದ್ರಲ್ಲಿ ದೊಡ್ಡ ಗಣಪತಿ ಗುಡಿ ಮುಂದೆ ಕಡಲೆಕಾಯಿ ರಾಶಿ, ಇನ್ನೊಂದ್ರಲ್ಲಿ ಲಾಲ್‌ಬಾಗ್ ಗ್ಲಾಸ್ ಹೌಸು. ಕಂಪ್ಯೂಟರಲ್ಲಿ ಉಬುಂಟು ಲಿನಕ್ಸ್ ಇದೆ, ಪೈಥಾನ್ ಪ್ರೋಗ್ರಾಮಿಂಗ್ ಅಲ್ಪಸ್ವಲ್ಪ ಬರುತ್ತೆ. ಫೈಲಿನ ಮಾಡಿಫೈಡ್ ಡೇಟ್ ತಗೊಂಡು ಲೂಪ್ ಹಾಕಿ ರೀನೇಮ್ ಮಾಡಿದ್ರೆ ಸಾಕಾ? ಅಪ್ಪ ಇದ್ದಾಗ ತೆಗೆದ ಫೋಟೋಗಳೂ ಅದ್ರಲ್ಲೇ ಇವೆ, ಒಂದೂ ಕಳ್ಕೊಳೋ ಹಾಗಿಲ್ಲ.

ಟರ್ಮಿನಲ್_ಪ್ರಿಯ:
ಮಾಡಿಫೈಡ್ ಡೇಟ್ ನಂಬ್ಬೇಡ ಗುರು, ಎಡಿಟ್ ಮಾಡಿ ಸೇವ್ ಮಾಡಿದ್ರೆ ಬದಲಾಗುತ್ತೆ, ಎಷ್ಟೋ ಸಲ ಬರೀ ಕಾಪಿ ಮಾಡಿದ್ರೂ ಬದಲಾಗುತ್ತೆ. ಫೋಟೋ ಒಳಗೇ ಎಕ್ಸಿಫ್ ಅಂತ ಮಾಹಿತಿ ಇರುತ್ತೆ, ಅದ್ರಲ್ಲಿ ಡೇಟ್‌ಟೈಮ್‌ಒರಿಜಿನಲ್ ಅಂದ್ರೆ ಶಟರ್ ಒತ್ತಿದ ಟೈಮು, ಅದನ್ನೇ ತಗೋ. ಒಂದೇ ಹೆಸರು ಮತ್ತೆ ಬರೋಕೆ ಕಾರಣ, ಕ್ಯಾಮೆರಾ ನಂಬರು ನಾಲ್ಕೇ ಅಂಕಿ, 9999 ಆದ್ಮೇಲೆ ತಿರುಗಿ 0001.

ಇದಕ್ಕೆ ಎಕ್ಸಿಫ್‌ಟೂಲ್ ಅನ್ನೋ ಸಾಫ್ಟ್‌ವೇರ್ ಹಾಕ್ಕೋ. ಫಿಲ್ ಹಾರ್ವೆ 2003ರಲ್ಲಿ ಪರ್ಲ್‌ನಲ್ಲಿ ಬರೆದಿದ್ದು, ಫ್ರೀ, ಉಬುಂಟು ಪ್ಯಾಕೇಜ್ ಹೆಸರು ಲಿಬ್‌ಇಮೇಜ್-ಎಕ್ಸಿಫ್‌ಟೂಲ್-ಪರ್ಲ್. ಅದ್ರ ರೀನೇಮ್ ಕಮಾಂಡಲ್ಲಿ ಫೈಲ್‌ನೇಮ್ ಬದಲು ಟೆಸ್ಟ್‌ನೇಮ್ ಅಂತ ಕೊಟ್ರೆ ಏನೂ ಮುಟ್ಟದೆ ಹಳೇ ಹೆಸರು, ಹೊಸ ಹೆಸರು ಎರಡನ್ನೂ ತೋರಿಸುತ್ತೆ. ಮೊದ್ಲು ಅದನ್ನ ನೋಡು.

ಕೋರಮಂಗಲ_ಕೋಡರ್:
ಪೈಥಾನಲ್ಲೇ ಮಾಡ್ತೀನಿ ಅಂದ್ರೆ ಒಂದು ವಿಷ್ಯ ಗೊತ್ತಿರ್ಲೇಬೇಕು. ಹೆಸರು ಬದಲಿಸೋ ಪೈಥಾನ್ ಕಮಾಂಡ್ ಓಎಸ್ ಡಾಟ್ ರೀನೇಮ್, ವಿಂಡೋಸಲ್ಲಾದ್ರೆ ಆ ಹೆಸರಿನ ಫೈಲ್ ಇದ್ರೆ ಎರರ್ ಕೊಟ್ಟು ನಿಲ್ಲುತ್ತೆ, ಲಿನಕ್ಸಲ್ಲಿ ಹಳೇ ಫೈಲ್ ಮೇಲೇ ಬರೆದ್ಬಿಡುತ್ತೆ, ಒಂದು ಮಾತೂ ಹೇಳಲ್ಲ, ಟ್ರ್ಯಾಶಲ್ಲಿ ಹುಡುಕಿದ್ರೂ ಸಿಗಲ್ಲ. ಬರ್ಸ್ಟಲ್ಲಿ, ಅಂದ್ರೆ ಬಟನ್ ಒತ್ತಿ ಹಿಡಿದು ಸಾಲಾಗಿ ತೆಗ್ದಿದ್ರೆ ಒಂದೇ ಸೆಕೆಂಡಿಗೆ ನಾಲ್ಕೈದು ಫೋಟೋ ಇರುತ್ತೆ, ಬರೀ ಟೈಮ್ ಹೆಸರಿಟ್ರೆ ಕೊನೇದೊಂದು ಉಳಿಯುತ್ತೆ ಅಷ್ಟೆ. ಹೊಸ ಹೆಸರು ಆಗ್ಲೇ ಇದ್ಯಾ ಅಂತ ಚೆಕ್ ಹಾಕಿ, ಹಳೇ-ಹೊಸ ಹೆಸರಿನ ಪಟ್ಟಿ ಒಂದು ಸಿಎಸ್‌ವಿ ಫೈಲಿಗೆ (ಎಕ್ಸೆಲಲ್ಲಿ ತೆರೆಯೋ ಸಾದಾ ಪಟ್ಟಿ) ಬರೆದಿಟ್ಟು ಆಮೇಲೆ ರೀನೇಮ್ ಮಾಡಿ, ವಾಪಸ್ ತರೋಕೆ ಅದೇ ದಾರಿ. ಬ್ಯಾಕಪ್ ಬೇರೆ ಡಿಸ್ಕಲ್ಲಿ ಇರ್ಲಿ.

ಮದುವೆ_ಫೋಟೋ_ಮಲ್ಲೇಶ್ವರಂ:
ಹಳೇ ನಾಲ್ಕಂಕಿ ನಂಬರನ್ನ ಹೆಸರಿನ ಕೊನೇಲಿ ಉಳಿಸ್ಕೊಳ್ಳಿ ಸರ್. 20231211_183045_0412 ಈ ಥರ, ಡೇಟ್, ಟೈಮ್, ಹಳೇ ನಂಬರು. ಬರ್ಸ್ಟ್ ಫೋಟೋಗಳೂ ಬೇರೆ ಬೇರೆಯಾಗುತ್ತೆ, ಒಂದೇ ಫೋಟೋದ ಎನ್‌ಇಎಫ್ (ನಿಕಾನ್ ರಾ ಫೈಲ್) ಜೇಪೆಗ್ ಜೋಡಿನೂ ಬಿಟ್ಟೋಗಲ್ಲ. ವರ್ಷ, ತಿಂಗಳು, ದಿನ ಇದೇ ಆರ್ಡರಲ್ಲಿ ಇಡಿ, ದಿನ ಮೊದ್ಲು ಇಟ್ರೆ ಜನವರಿ 1ರ ಪಕ್ಕ ಡಿಸೆಂಬರ್ 1 ಬಂದು ಕೂತ್ಕೊಳುತ್ತೆ. ಕ್ಯಾಮೆರಾ ಗಡಿಯಾರ ಫೋನಿಗಿಂತ ಹಿಂದೆ ಮುಂದೆ ಇದ್ರೆ ಹೆಸರಿಡೋಕೆ ಮುಂಚೆ ಎಕ್ಸಿಫ್‌ಟೂಲಲ್ಲೇ ಆ ಫೋಲ್ಡರ್ ಪೂರ್ತಿ ಟೈಮ್ ಸರಿಮಾಡ್ಬಹುದು. ಫೋಟೋ ಎಡಿಟ್ ಮಾಡಿ ಜೋಡಿಸಿಡೋಕೆ ಲೈಟ್‌ರೂಮ್ ಸಾಫ್ಟ್‌ವೇರ್ ಬಳಸ್ತಿದ್ರೆ ಮಾತ್ರ ಹೊರಗಡೆ ರೀನೇಮ್ ಮಾಡ್ಬೇಡಿ, ಅದಕ್ಕೆ ಫೈಲ್ ಸಿಗಲ್ಲ, ಒಳಗಿಂದಾನೇ ಮಾಡಿ.

ಬಸವನಗುಡಿ_ಹುಡ್ಗ:
ತುಂಬಾ ಥ್ಯಾಂಕ್ಸ್ ಮೇಡಂ, ಎಲ್ಲರ್ಗೂ. ಟೆಸ್ಟ್‌ನೇಮ್ ಹಾಕಿ ನೋಡ್ದೆ, ನಿಕಾನ್‌ದು ಸರಿಯಾಗಿ ಬರ್ತಿದೆ. ತಂಗಿ ವಾಟ್ಸಾಪಲ್ಲಿ ಕಳ್ಸಿದ್ದಕ್ಕೆ ಮಾತ್ರ ಡೇಟೇ ಇಲ್ಲ ಅಂತಿದೆ.

ಟರ್ಮಿನಲ್_ಪ್ರಿಯ:
ವಾಟ್ಸಾಪ್ ಫೋಟೋನ ಕುಗ್ಗಿಸುವಾಗ ಎಕ್ಸಿಫ್ ಕಿತ್ತಾಕ್ಬಿಡುತ್ತೆ. ಹೆಸರಲ್ಲಿರೋ ಡೇಟ್ ತೆಗೆದ ದಿನದ್ದೇ ಅಂತ ಹೇಳೋಕಾಗಲ್ಲ. ತಂಗಿ ಫೋನಿಂದ ಒರಿಜಿನಲ್‌ಗಳನ್ನ ಕೇಬಲ್ ಹಾಕಿ ತಗೋ, ದೂರ ಇದ್ರೆ ಡಾಕ್ಯುಮೆಂಟ್ ಅಂತ ಕಳ್ಸೋಕೆ ಹೇಳು, ಆಗ ಡೇಟ್ ಉಳಿಯುತ್ತೆ. ಅಲ್ಲೀವರ್ಗೂ ಅವನ್ನ ಬೇರೆ ಫೋಲ್ಡರಲ್ಲಿಟ್ಟು ಸ್ಕ್ರಿಪ್ಟ್ ಓಡಿಸು.