ಪದಚರ್ಚೆ: ರೋಗನಿರೋಧಕ ಶಕ್ತಿಯೇ ರೋಗ ತಂದಾಗ ಏನೆನ್ನಬೇಕು?

ಮಾನ್ಯರೇ,

ಸಂಧಿವಾತದ ರೋಗಿಗಳಿಗೆ ಹಂಚಲು ಕಿರುಹೊತ್ತಗೆಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. (ವಯಸ್ಸಾದಂತೆ ಮಂಡಿ ಸವೆಯುವ ತೊಂದರೆಯ ಮಾತಲ್ಲ, ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವ ಕಾಯಿಲೆಯದು.) ಚುಚ್ಚುಮದ್ದಾಗಿ ಕೊಡುವ ಜೈವಿಕ ಔಷಧಿಗಳನ್ನು ಕುರಿತ ಭಾಗಕ್ಕೆ ಬಂದಾಗ, ಈಗ ಚಾಲ್ತಿಯಲ್ಲಿರುವ ಪದಗಳನ್ನೇ ಜೋಡಿಸಿದರೆ ಹೀಗೊಂದು ವಾಕ್ಯ ಹುಟ್ಟುತ್ತದೆ: "ರೋಗನಿರೋಧಕ ಶಕ್ತಿಯಿಂದ ಉಂಟಾಗುವ ಈ ರೋಗಕ್ಕೆ, ರೋಗನಿರೋಧಕ ಪ್ರೋಟೀನೊಂದರ ನಿರೋಧಕವಾಗಿ ಇನ್ನೊಂದು ರೋಗನಿರೋಧಕ ಪ್ರೋಟೀನನ್ನು ಕೊಡಲಾಗುತ್ತದೆ." ವಿಜ್ಞಾನದ ದೃಷ್ಟಿಯಿಂದ ಇದರಲ್ಲಿ ದೋಷವೇನೂ ಇಲ್ಲ, ಆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಈ ಗಂಟನ್ನು ಬಿಡಿಸಲು ಬಳಗದವರ ನೆರವು ಬೇಕಾಗಿದೆ.

ಮೊದಲು ವಿಷಯವನ್ನೇ ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಪದದ ತೊಡಕು ಅಲ್ಲಿಂದಲೇ ಹುಟ್ಟಿದೆ. ಈ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳು ಕೀಲಿನ ಒಳಪೊರೆಯಲ್ಲಿ ಜಮಾಯಿಸಿ, ಟಿಎನ್‌ಎಫ್ ಎಂಬ ಪುಟ್ಟ ಪ್ರೋಟೀನನ್ನು ಎಡೆಬಿಡದೆ ಹೊರಬಿಡುತ್ತವೆ. ಸೋಂಕು ತಗುಲಿದಾಗ ಸುತ್ತಲಿನ ಜೀವಕೋಶಗಳನ್ನು ಎಚ್ಚರಿಸುವುದು ಆ ಪ್ರೋಟೀನಿನ ಸಹಜವಾದ ಕೆಲಸ. ಇಲ್ಲಿ ಸೋಂಕೇ ಇಲ್ಲದಿದ್ದರೂ ಎಚ್ಚರಿಕೆ ನಿಲ್ಲುವುದಿಲ್ಲ, ಉರಿಯೂತ ಆರುವುದಿಲ್ಲ, ಕೀಲು ಕ್ರಮೇಣ ಹಾಳಾಗುತ್ತದೆ. ಲಂಡನ್ನಿನ ಕೆನಡಿ ಸಂಸ್ಥೆಯಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ, ಪ್ರಯೋಗಾಲಯದಲ್ಲಿ ಬೆಳೆಸಿದ ಕೀಲಿನ ಜೀವಕೋಶಗಳಲ್ಲಿ ಟಿಎನ್‌ಎಫ್ ಒಂದನ್ನು ತಡೆದರೆ ಉರಿಯೂತಕ್ಕೆ ಕಾರಣವಾಗುವ ಇತರ ಸಂಕೇತಗಳೂ ತಗ್ಗುತ್ತವೆ ಎಂಬುದನ್ನು 1980ರ ದಶಕದ ಕೊನೆಗೆ ಕಂಡುಕೊಂಡರು. 1992ರಲ್ಲಿ ಅದೇ ನಗರದಲ್ಲಿ ಮೊದಲ ರೋಗಿಗಳಿಗೆ ಟಿಎನ್‌ಎಫ್ ವಿರುದ್ಧದ ಪ್ರತಿಕಾಯವನ್ನು (ಆ್ಯಂಟಿಬಾಡಿ, ಎಂದರೆ ತನ್ನ ಗುರಿಯನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನು) ಕೊಡಲಾಯಿತು. ಅದೇ ಮುಂದೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಹೆಸರಿನ ಔಷಧಿಯಾಯಿತು.

ಈಗ 'ರೋಗನಿರೋಧಕ' ಎಂಬ ಪದಕ್ಕೆ ಬರೋಣ. ಇಮ್ಯೂನಿಟಿ ಎಂಬ ಮಾತಿನ ಮೂಲದಲ್ಲಿರುವ ಲ್ಯಾಟಿನ್ ಪದಕ್ಕೆ ತೆರಿಗೆಯಿಂದಲೋ ಸಾರ್ವಜನಿಕ ಹೊಣೆಯಿಂದಲೋ ವಿನಾಯಿತಿ ಪಡೆದವನು ಎಂಬ ಅರ್ಥವಿತ್ತು. ಅದರಲ್ಲಿ ರೋಗದ ಸುಳಿವೇ ಇಲ್ಲ. ಆದ್ದರಿಂದ ದೇಹದ ರಕ್ಷಣಾ ಏರ್ಪಾಡು ತನ್ನ ದೇಹದ ಮೇಲೆಯೇ ಎರಗುವ ಕಾಯಿಲೆಗಳನ್ನು ಆಟೋಇಮ್ಯೂನ್ ಎಂದು ಕರೆದಾಗ ಇಂಗ್ಲಿಷಿನವರಿಗೆ ಯಾವ ವಿರೋಧಾಭಾಸವೂ ಕಾಣಲಿಲ್ಲ. ನಾವಾದರೋ ರೋಗವನ್ನೂ ಅದನ್ನು ತಡೆಯುವ ಕ್ರಿಯೆಯನ್ನೂ ಹೆಸರಿನಲ್ಲಿಯೇ ಸೇರಿಸಿಬಿಟ್ಟಿದ್ದೇವೆ. ಸಿಡುಬು, ಧನುರ್ವಾಯು, ಲಸಿಕೆ ಇವಿಷ್ಟೇ ಮಾತಿನ ವಿಷಯವಾಗಿದ್ದ ಕಾಲಕ್ಕೆ ಆ ಪದ ಚೆನ್ನಾಗಿಯೇ ಒಪ್ಪುತ್ತಿತ್ತು. ಸಂಧಿವಾತ, ಸೋರಿಯಾಸಿಸ್, ಕರುಳಿಗೆ ಬರುವ ಕ್ರೋನ್ಸ್ ಕಾಯಿಲೆಗಳ ವಿವರಣೆಗೆ ಬಂದಾಗ ಮಾತ್ರ ಅದು ಮುರಿದು ಬೀಳುತ್ತದೆ. ಪತ್ರಿಕೆಗಳಲ್ಲಿ ಕಾಣುವ 'ಸ್ವಯಂ ನಿರೋಧಕ ಕಾಯಿಲೆ' ಎಂಬ ಪ್ರಯೋಗವಂತೂ, ತನ್ನನ್ನು ತಾನೇ ತಡೆದುಕೊಳ್ಳುವ ಕಾಯಿಲೆ ಎಂಬ ವಿಚಿತ್ರ ಅರ್ಥವನ್ನು ಕೊಡುತ್ತದೆ. ಅಂಥ ಕಾಯಿಲೆಯಿದ್ದರೆ ಔಷಧಿಯೇ ಬೇಕಾಗದು.

ಇದಲ್ಲದೆ 'ನಿರೋಧಕ'ದ ಹೆಗಲ ಮೇಲೆ ಹೊರೆ ವಿಪರೀತವಾಗಿದೆ. ಇಮ್ಯೂನ್, ಇನ್‌ಹಿಬಿಟರ್, ರೆಸಿಸ್ಟೆಂಟ್ ಎಂಬ ಮೂರು ಬೇರೆ ಬೇರೆ ಭಾವಗಳಿಗೂ ಅದನ್ನೇ ಬಳಸುತ್ತೇವೆ. ಔಷಧಿಗೆ ಬಗ್ಗದ ರೋಗಾಣುವೂ ನಿರೋಧಕವೇ, ಕಿಣ್ವದ ಕೆಲಸವನ್ನು ನಿಲ್ಲಿಸುವ ರಾಸಾಯನಿಕವೂ ನಿರೋಧಕವೇ, ದೇಹವನ್ನು ಕಾಯುವ ಏರ್ಪಾಡೂ ನಿರೋಧಕವೇ. ಕುಟುಂಬ ಯೋಜನೆಯ ಕಾಲದಿಂದ 'ನಿರೋಧ್' ಎಂದೊಡನೆ ಜನರ ಮನಸ್ಸಿಗೆ ಬರುವುದು ಮತ್ತೊಂದೇ ಎಂಬುದನ್ನು ಹೇಳಬೇಕಾಗಿಲ್ಲ.

ಇದು ಬರಿಯ ಶೈಲಿಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. "ಈ ಚುಚ್ಚುಮದ್ದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ" ಎಂದು ಓದಿದ ರೋಗಿ, ತನ್ನನ್ನು ರೋಗದಿಂದ ಕಾಪಾಡುವ ಶಕ್ತಿಯನ್ನೇ ವೈದ್ಯರು ಕಸಿದುಕೊಳ್ಳುತ್ತಿದ್ದಾರೆಂದು ಹೆದರುವುದು ಸಹಜ. ಹಾಗೆಂದು ಅಪಾಯವನ್ನು ಮುಚ್ಚಿಡುವಂತೆಯೂ ಇಲ್ಲ. ಶ್ವಾಸಕೋಶದಲ್ಲಿ ಸದ್ದಿಲ್ಲದೆ ಅಡಗಿರುವ ಕ್ಷಯದ ಬ್ಯಾಕ್ಟೀರಿಯಾಗಳನ್ನು ಜೀವಕೋಶಗಳ ಕೋಟೆಯೊಳಗೆ ಕಟ್ಟಿಹಾಕಿಡಲು ಟಿಎನ್‌ಎಫ್ ಬೇಕೇ ಬೇಕು. ಅದನ್ನು ತಡೆದರೆ ಕ್ಷಯ ಮತ್ತೆ ತಲೆಯೆತ್ತಬಹುದು. ಆದ್ದರಿಂದಲೇ ಈ ಔಷಧಿಯನ್ನು ಆರಂಭಿಸುವ ಮುನ್ನ ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ರೋಗಿಗೆ ತಿಳಿಯಬೇಕಾದದ್ದು ಇಷ್ಟು ನಿಖರವಾದ ಸಂಗತಿ: ರಕ್ಷಣೆಯೆಲ್ಲವೂ ಕುಸಿಯುವುದಿಲ್ಲ, ಅದರ ಒಂದು ಸಂಕೇತವನ್ನು ತಡೆಯಲಾಗುತ್ತದೆ, ಆ ಸಂಕೇತದಿಂದ ಆಗುತ್ತಿದ್ದ ಒಳಿತೂ ಅದರೊಂದಿಗೆ ತಪ್ಪಿಹೋಗುತ್ತದೆ. 'ರೋಗನಿರೋಧಕ ಶಕ್ತಿ' ಎಂಬ ಇಡಿಗಂಟಿನ ಪದ ಈ ನಿಖರತೆಗೆ ಎಡೆಕೊಡುವುದಿಲ್ಲ; 'ಶಕ್ತಿ' ಎಂದಕೂಡಲೇ ಅದು ಹೆಚ್ಚಾದಷ್ಟೂ ಒಳ್ಳೆಯದೆಂಬ ಭಾವನೆ ಬೇರೆ ಬರುತ್ತದೆ.

ನನ್ನ ಸೂಚನೆ ಹೀಗಿದೆ. ವ್ಯವಸ್ಥೆಗೆ 'ದೇಹರಕ್ಷಣಾ ವ್ಯವಸ್ಥೆ', ಅದು ದಾರಿ ತಪ್ಪಿ ಬರುವ ಕಾಯಿಲೆಗಳಿಗೆ 'ಸ್ವದೇಹದಾಳಿ ಕಾಯಿಲೆ' ಎನ್ನಬಹುದೇ? ಕೆಲವು ಪಠ್ಯಗಳಲ್ಲಿ 'ಪ್ರತಿರಕ್ಷಣೆ' ಎಂದಿರುವುದನ್ನು ನೋಡಿದ್ದೇನೆ. ಅದು ಅಚ್ಚುಕಟ್ಟಾಗಿದೆ, ಆದರೆ ಪ್ರತಿದಾಳಿ ಎಂಬ ಪದದ ನೆನಪಿನಿಂದ ಓದುಗರು ಅದನ್ನು ಬೇರೆ ರೀತಿಯಲ್ಲಿ ತಿಳಿಯಬಹುದೆಂಬ ಅಳುಕಿದೆ. ಇನ್‌ಹಿಬಿಟರ್ ಎಂಬಲ್ಲಿ ನಿರೋಧಕವನ್ನು ಪೂರ್ತಿ ಕೈಬಿಟ್ಟು 'ತಡೆ' ಎಂಬ ನಮ್ಮದೇ ಪದವನ್ನಿಟ್ಟು, 'ಟಿಎನ್‌ಎಫ್ ತಡೆಮದ್ದು' ಎನ್ನುವುದು ನನಗೆ ಒಪ್ಪಿಗೆಯಾಗಿದೆ.

ಟಿಎನ್‌ಎಫ್ ಎಂಬ ಅಕ್ಷರಗಳನ್ನು ಬಿಡಿಸದೆ ಹಾಗೆಯೇ ಇಡುವುದಕ್ಕೆ ಕಾರಣವಿದೆ. 1975ರಲ್ಲಿ ಅದನ್ನು ಗುರುತಿಸಿದವರು, ಇಲಿಗಳಲ್ಲಿ ಗಂತಿಯ (ಕ್ಯಾನ್ಸರ್ ಗಡ್ಡೆಯ) ಅಂಗಾಂಶ ಸಾಯುವಂತೆ ಮಾಡುವ ಅಂಶವೆಂದು ಅದಕ್ಕೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ಎಂಬ ಹೆಸರಿಟ್ಟರು. ಸಂಧಿವಾತದಲ್ಲಿ ಅದಕ್ಕೂ ಗಂತಿಗೂ ಸಂಬಂಧವಿಲ್ಲ. ಪದಶಃ ಅನುವಾದಿಸಿ 'ಗಂತಿಕ್ಷಯ ಅಂಶ' ಎಂದರಂತೂ ಕೀಲುನೋವಿಗೆ ಬಂದವರು ಕ್ಯಾನ್ಸರ್ ಮತ್ತು ಕ್ಷಯ ಎರಡೂ ತಮಗಿದೆಯೆಂದು ಭಾವಿಸಿಯಾರು. ಮೂಲದ ಹೆಸರೇ ದಾರಿ ತಪ್ಪಿಸುವಂತಿದ್ದಾಗ ಅದನ್ನು ಅನುವಾದಿಸುವುದರಿಂದ ತಪ್ಪು ದಾರಿ ಇನ್ನಷ್ಟು ಉದ್ದವಾಗುತ್ತದೆ, ಅಷ್ಟೆ. ಬಿಳಿ ರಕ್ತಕಣಗಳ ನಡುವಿನ ಸಂಕೇತವೆಂಬ ಅರ್ಥದಲ್ಲಿ 1979ರಲ್ಲಿ ಹುಟ್ಟಿದ 'ಇಂಟರ್‌ಲ್ಯೂಕಿನ್' ಎಂಬ ಹೆಸರಿನ ಕಥೆಯೂ ಹೀಗೆಯೇ: ಬಿಳಿ ರಕ್ತಕಣಗಳಲ್ಲದ ಜೀವಕೋಶಗಳೂ ಅದನ್ನು ಹೊರಬಿಡುತ್ತವೆ, ಅದಕ್ಕೆ ಓಗೊಡುತ್ತವೆ.

ಇವೆಲ್ಲವನ್ನೂ ಒಳಗೊಳ್ಳುವ 'ಸೈಟೋಕೈನ್' ಎಂಬ ಪದ 1974ರದು. ಗ್ರೀಕಿನ ಕೋಶ ಮತ್ತು ಚಲನೆ ಎಂಬರ್ಥದ ಮಾತುಗಳು ಅದರಲ್ಲಿ ಕೂಡಿವೆ. ಹಾಗೆಂದು 'ಕೋಶಚಾಲಕ' ಎಂದರೆ ಸಾರಿಗೆ ಇಲಾಖೆಯ ಹುದ್ದೆಯಂತೆ ಕೇಳುತ್ತದೆ. 'ಸಂದೇಶವಾಹಕ ಪ್ರೋಟೀನ್' ಚೆನ್ನಾಗಿದೆಯಾದರೂ, ಕೋವಿಡ್ ಲಸಿಕೆಗಳ ದೆಸೆಯಿಂದ 'ಸಂದೇಶವಾಹಕ' ಎಂಬ ವಿಶೇಷಣ ಆರ್‌ಎನ್‌ಎಗೆ ಅಂಟಿಕೊಂಡಿದೆ. ಸೈಟೋಕೈನ್ ಎಂದೇ ಉಳಿಸಿಕೊಂಡು, ಮೊದಲ ಬಾರಿ ಬಂದಲ್ಲಿ 'ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಹೊರಬಿಡುವ ಪ್ರೋಟೀನು' ಎಂದು ವಿವರಿಸುವುದೇ ಲೇಸು. 2020ರಲ್ಲಿ ಸೈಟೋಕೈನ್ ಬಿರುಗಾಳಿಯ (ಸೈಟೋಕೈನುಗಳು ಮಿತಿಮೀರಿ ಹೊರಬಂದು ದೇಹಕ್ಕೇ ಹಾನಿಯಾಗುವ ಸ್ಥಿತಿಯ) ಸುದ್ದಿಯನ್ನು ಓದಿದವರಿಗೆ ಅದು ಪೂರ್ತಿ ಹೊಸ ಪದವೂ ಅಲ್ಲ. ಅದೇ ವರ್ಷ ಬೆಂಗಳೂರಿನ ಬಯೋಕಾನ್‌ನ ಇಟೋಲಿಝುಮ್ಯಾಬ್ ಎಂಬ ಪ್ರತಿಕಾಯವನ್ನು ಕೋವಿಡ್ ರೋಗಿಗಳ ಸೈಟೋಕೈನ್ ಉಲ್ಬಣಕ್ಕೆ ತುರ್ತು ಸಂದರ್ಭದಲ್ಲಿ ಬಳಸಲು ಭಾರತದ ಔಷಧ ನಿಯಂತ್ರಕರು ಸೀಮಿತ ಅನುಮತಿ ಕೊಟ್ಟಿದ್ದರು. ಹವಾನಾದ ಸಂಶೋಧನಾ ಕೇಂದ್ರದಲ್ಲಿ ಮೊಳೆತ ಆ ಔಷಧಿ 2013ರಿಂದಲೇ ನಮ್ಮಲ್ಲಿ ಸೋರಿಯಾಸಿಸ್‌ಗೆ ಬಳಕೆಯಲ್ಲಿತ್ತು.

ಸಂಕೇತವನ್ನು ಹಿಡಿಯುವ, ಜೀವಕೋಶದ ಮೇಲಿನ ರಚನೆಗೆ ಪಠ್ಯಪುಸ್ತಕಗಳು 'ಗ್ರಾಹಕ' ಎನ್ನುತ್ತವೆ. ಸಾಮಾನ್ಯ ಓದುಗರಿಗೆ ಗ್ರಾಹಕ ಎಂದರೆ ಗಿರಾಕಿ. "ಟೊಸಿಲಿಝುಮ್ಯಾಬ್ ಗ್ರಾಹಕರನ್ನು ತಲುಪದಂತೆ" ಎಂದು, 'ಗ್ರಾಹಕವನ್ನು' ಎಂಬಲ್ಲಿ ಒಂದಕ್ಷರ ತಪ್ಪಿ ಅಚ್ಚಾದರೆ, ಔಷಧಿಯನ್ನು ಕುರಿತ ವಾಕ್ಯದ ಅರ್ಥ ಎಲ್ಲಿಗೋ ಹೋಗುತ್ತದೆ. 'ಗ್ರಾಹಿ' ಎಂದು ಬರೆಯಬಹುದೆಂದು ನನ್ನ ಅನಿಸಿಕೆ. ಇಲ್ಲಿ ಪದಗಳು ಸ್ಪಷ್ಟವಾಗಿರುವುದು ಅಗತ್ಯ, ಏಕೆಂದರೆ ಔಷಧಿಗಳ ನಡುವಿನ ಭೇದವಿರುವುದೇ ಇಲ್ಲಿ. ಸಿಲ್ಟುಕ್ಸಿಮ್ಯಾಬ್ ಇಂಟರ್‌ಲ್ಯೂಕಿನ್-6 ಎಂಬ ಸಂಕೇತವನ್ನೇ ಹಿಡಿದಿಟ್ಟುಕೊಂಡರೆ, ಟೊಸಿಲಿಝುಮ್ಯಾಬ್ ಆ ಸಂಕೇತದ ಗ್ರಾಹಿಯ ಮೇಲೆ ಕುಳಿತು ಜಾಗ ಕೊಡುವುದಿಲ್ಲ. 1998ರಲ್ಲಿ ಬಳಕೆಗೆ ಬಂದ ಎಟನರ್ಸೆಪ್ಟ್ ಇನ್ನೂ ಜಾಣತನದ್ದು: ಟಿಎನ್‌ಎಫ್‌ನ ಗ್ರಾಹಿಯನ್ನೇ ಕತ್ತರಿಸಿ ಪ್ರತಿಕಾಯದ ಬಾಲಕ್ಕೆ ಜೋಡಿಸಿ ರಕ್ತದಲ್ಲಿ ತೇಲಿಬಿಟ್ಟರೆ, ಟಿಎನ್‌ಎಫ್ ನಿಜವಾದ ಗ್ರಾಹಿಯೆಂದು ನಂಬಿ ಅದಕ್ಕೇ ಅಂಟಿಕೊಳ್ಳುತ್ತದೆ. ಇದಕ್ಕೆ 'ಹುಸಿಗ್ರಾಹಿ' ಎಂಬುದು ಒಪ್ಪುತ್ತದೆ. ಇದಕ್ಕೆ ತಿರುಗುಮುರುಗಾಗಿ ಸಂಕೇತವನ್ನೇ ಔಷಧಿಯಾಗಿ ಕೊಡುವ ಪದ್ಧತಿಯೂ ಇದೆ: 1986ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಇಂಟರ್‌ಫೆರಾನ್ ಎಂಬ ಸೈಟೋಕೈನ್, 1992ರಲ್ಲಿ ಮೂತ್ರಪಿಂಡದ ಕ್ಯಾನ್ಸರಿಗೆ ಇಂಟರ್‌ಲ್ಯೂಕಿನ್-2 ಒಪ್ಪಿಗೆ ಪಡೆದವು. ಅಲ್ಲಿ ದೇಹರಕ್ಷಣೆಯನ್ನು ಬಡಿದೆಬ್ಬಿಸುತ್ತಾರೆ, ಇಲ್ಲಿ ತಣಿಸುತ್ತಾರೆ. ಎರಡನ್ನೂ ಒಟ್ಟಾಗಿ 'ರೋಗನಿರೋಧಕ ಚಿಕಿತ್ಸೆ' ಎಂದು ಬರೆಯುವುದು ನ್ಯಾಯವಲ್ಲ.

'ಪ್ರತಿಕಾಯ'ದ ಬಗ್ಗೆ ನನಗೆ ತಕರಾರಿಲ್ಲ. ಅದು ಈಗ ಮನೆಮಾತಾಗಿದೆ. ಆದರೆ ಅದರ ಹಿನ್ನೆಲೆ ಸ್ವಾರಸ್ಯಕರವಾಗಿದೆ. ಪಾಲ್ ಎರ್ಲಿಕ್ 1891ರಲ್ಲಿ ಬಳಸಿದ ಜರ್ಮನ್ ಪದದ ನೆರಳಾಗಿ ಇಂಗ್ಲಿಷಿನ ಆ್ಯಂಟಿಬಾಡಿ ಬಂತು, ಅದರ ನೆರಳಾಗಿ ನಮ್ಮದು ಬಂತು. ಸಂಸ್ಕೃತದ ಹಳೆಯ ನಿಘಂಟುಗಳಲ್ಲಿ ಪ್ರತಿಕಾಯಕ್ಕೆ ಪ್ರತಿಮೆ, ಎದುರಾಳಿ ಎಂಬ ಅರ್ಥಗಳ ಜೊತೆಗೆ ಗುರಿ ಎಂಬ ಅರ್ಥವೂ ಇದೆ. ನಮ್ಮ ಪ್ರತಿಕಾಯವಾದರೋ ಗುರಿಯಲ್ಲ, ಗುರಿಗೆ ತಾಗುವ ಬಾಣ. ಇರಲಿ, ಬಳಕೆಯೇ ಅರ್ಥವನ್ನು ತೀರ್ಮಾನಿಸಿದೆ. ತೊಂದರೆಯಿರುವುದು ಅದರ ದಾಯಾದಿಗಳಿಂದ: ಪ್ರತಿಜನಕ ಎಂಬುದು ಪ್ರತಿಕಾಯವನ್ನು ಹುಟ್ಟಿಸುವ ವಸ್ತು, ಪ್ರತಿಜೀವಕ ಎಂಬುದು ಆ್ಯಂಟಿಬಯೋಟಿಕ್. ರೋಗಿಗಳ ಹೊತ್ತಗೆಯಲ್ಲಿ ಇವೆರಡನ್ನೂ ಒಂದೇ ಪುಟಕ್ಕೆ ತರಬಾರದೆಂದು ನಿರ್ಧರಿಸಿದ್ದೇನೆ. ಇವೆಲ್ಲದರ ನಡುವೆ ಅತಿ ಸ್ಪಷ್ಟವಾದ ಪದವೆಂದರೆ 'ಪ್ರತಿವಿಷ'. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷವನ್ನು ಕುದುರೆಗೆ ಅಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಿಂದ ಪಡೆಯುವ ಆ ಮದ್ದು ಪ್ರತಿಕಾಯಗಳ ಮಿಶ್ರಣವೇ ಹೊರತು ಬೇರೇನಲ್ಲ.

ಈ ಮಿಶ್ರಣಕ್ಕೆ ಹೋಲಿಸಿದಾಗಲೇ, ಮೇಲೆ ಹೇಳಿದ ಪ್ರತಿಕಾಯ ಔಷಧಿಗಳಿಗೆ ಇಂಗ್ಲಿಷಿನಲ್ಲಿರುವ ಮೊನೊಕ್ಲೋನಲ್ ಎಂಬ ವಿಶೇಷಣದ ಅರ್ಥ ತಿಳಿಯುವುದು. ಕುದುರೆಯ ದೇಹದಲ್ಲಿ ಸಾವಿರಾರು ಬಗೆಯ ಜೀವಕೋಶಗಳು ಒಂದೊಂದೂ ತನ್ನದೇ ಪ್ರತಿಕಾಯವನ್ನು ತಯಾರಿಸುತ್ತವೆ. ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ 1975ರಲ್ಲಿ, ಇಲಿಯ ಗುಲ್ಮದಿಂದ (ಸ್ಪ್ಲೀನ್) ತೆಗೆದ, ಪ್ರತಿಕಾಯ ತಯಾರಿಸುವ ಜೀವಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಜೀವಕೋಶದೊಂದಿಗೆ ಬೆಸೆದು, ಹಾಗೆ ಬೆಸೆದ ಒಂದೇ ಜೀವಕೋಶದ ಸಂತಾನವೆಲ್ಲ ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಸುರಿಸುವಂತೆ ಮಾಡಿದರು. ಈ ಆವಿಷ್ಕಾರಕ್ಕೆ ಪೇಟೆಂಟ್ ಪಡೆಯಲಿಲ್ಲ. 1984ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಇದನ್ನು 'ಏಕತದ್ರೂಪಿ ಪ್ರತಿಕಾಯ' ಎಂದಿದ್ದಾರೆ. ಕ್ಲೋನಿಗೆ ತದ್ರೂಪಿ ಎಂಬುದು ಡಾಲಿ ಕುರಿಯ ಕಾಲದಿಂದ ನೆಲೆನಿಂತಿದೆ, ನಿಜ. ಆದರೆ ಇಲ್ಲಿ 'ಮೊನೊ' ಸೂಚಿಸುವುದು ಜೀವಕೋಶದ ವಂಶ ಒಂದೇ ಎಂಬುದನ್ನು; 'ಏಕ' ಮತ್ತು 'ತದ್ರೂಪಿ' ಕೂಡಿದಾಗ ಯಾವುದೋ ಒಂದೇ ಒಂದು ಪ್ರತಿರೂಪ ಎಂದು ಧ್ವನಿಸುತ್ತದೆ. 'ಏಕಮೂಲ ಪ್ರತಿಕಾಯ' ಎಂದರೆ, ಕುದುರೆಯ ಪ್ರತಿವಿಷದಂಥವನ್ನು 'ಬಹುಮೂಲ' ಎನ್ನಲೂ ಅನುಕೂಲ.

ಇಲಿಯ ಪ್ರತಿಕಾಯವನ್ನು ಮನುಷ್ಯನ ದೇಹ ಪರಕೀಯವೆಂದು ಗುರುತಿಸಿ ಹೊರದೂಡುತ್ತಿದ್ದುದರಿಂದ ಮುಂದಿನ ಹೆಜ್ಜೆಗಳು ಬಂದವು. ಇಲಿಯ ಪ್ರತಿಕಾಯದ ತುದಿಯನ್ನು ಮನುಷ್ಯನ ಪ್ರತಿಕಾಯದ ಬುಡಕ್ಕೆ ಜೋಡಿಸಿದ ಇನ್‌ಫ್ಲಿಕ್ಸಿಮ್ಯಾಬ್‌ನಂಥವಕ್ಕೆ ಗ್ರೀಕ್ ಪುರಾಣದ ಕಿಮೇರಾ ಎಂಬ ಸಂಕರಪ್ರಾಣಿಯ ಹೆಸರು. ನಮ್ಮಲ್ಲಾದರೆ ನರಸಿಂಹನಿದ್ದಾನೆ, ಆದರೆ ಔಷಧಿಯ ಕೈಪಿಡಿಗೆ ಅವನನ್ನು ಕರೆತರುವ ಧೈರ್ಯ ನನಗಿಲ್ಲ, 'ಬೆರಕೆ ಪ್ರತಿಕಾಯ' ಎಂದರೆ ಕಲಬೆರಕೆಯ ವಾಸನೆ ಬರುತ್ತದೆ, 'ಸಂಕರ' ಸರಿಹೋದೀತು. ಇನ್ನು ಹ್ಯೂಮನೈಸ್ಡ್ (ಇಲಿಯ ಅಂಶವನ್ನು ಇನ್ನಷ್ಟು ತಗ್ಗಿಸಿದ) ಎಂಬುದಕ್ಕೆ 'ಮಾನವೀಯ ಪ್ರತಿಕಾಯ' ಎಂದು ಬರೆದರೆ ಅದು ಕರುಣಾಳುವಾದ ಪ್ರತಿಕಾಯವಾಗುತ್ತದೆ, 'ಮಾನವೀಕೃತ' ಎನ್ನಲೇಬೇಕು. ಟಿಎನ್‌ಎಫ್ ಅನ್ನೇ ತಡೆಯುವ, ಪೂರ್ತಿ ಮಾನವ ಪ್ರತಿಕಾಯವಾದ ಅಡಾಲಿಮುಮ್ಯಾಬ್ 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದರ ಮೊದಲ ಬಯೋಸಿಮಿಲರ್ (ಮೂಲ ಔಷಧಿಯನ್ನು ಹೋಲುವಂತೆ ಬೇರೆ ಕಂಪನಿ ತಯಾರಿಸಿದ್ದು) 2014ರಲ್ಲಿ ಭಾರತದಲ್ಲಿಯೇ ಮಾರುಕಟ್ಟೆಗೆ ಬಂದುದರಿಂದ ನನ್ನ ಓದುಗರಲ್ಲಿ ಹಲವರಿಗೆ ಸಿಗುವುದು ಇಂಥದ್ದೇ. ಬಯೋಸಿಮಿಲರನ್ನು 'ತದ್ರೂಪಿ ಔಷಧಿ' ಎನ್ನುವಂತಿಲ್ಲ: ಜೀವಕೋಶದಲ್ಲಿ ತಯಾರಾಗುವ ದೊಡ್ಡ ಪ್ರೋಟೀನು ಮೂಲಕ್ಕೆ ತೀರ ಹತ್ತಿರವಿರಬಹುದೇ ಹೊರತು ಅಚ್ಚೊತ್ತಿದಂತೆ ಒಂದೇ ಆಗಿರುವುದಿಲ್ಲ. 'ಸಮಾನ ಜೈವಿಕ ಔಷಧಿ' ಎಂದು ಸದ್ಯಕ್ಕೆ ಬರೆದಿದ್ದೇನೆ.

ಹೆಸರಿನ ಕೊನೆಯ 'ಮ್ಯಾಬ್' ಎಂಬುದನ್ನು ಪತ್ರಿಕೆಗಳು 'ಮಾಬ್', 'ಮಬ್' ಎಂದೂ ಅಚ್ಚುಹಾಕುತ್ತವೆ. ಏಕಮೂಲ ಪ್ರತಿಕಾಯವೆಂದು ಸೂಚಿಸುವ ಪ್ರತ್ಯಯ ಅದಾದ್ದರಿಂದ ಎಲ್ಲೆಡೆಯೂ ಒಂದೇ ಕಾಗುಣಿತವಿದ್ದರೆ ಓದುಗರು ತಾವಾಗಿಯೇ ಗುರುತಿಸಿಯಾರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಔಷಧಿಗಳಿಗೆ ಆ ಪ್ರತ್ಯಯವನ್ನು ಬಿಟ್ಟು ಬೇರೆ ನಾಲ್ಕನ್ನು ಗೊತ್ತುಮಾಡಿದೆಯಾದರೂ, ಹಳೆಯ ಹೆಸರುಗಳು ಬದಲಾಗಿಲ್ಲ.

ಬಳಗದಲ್ಲಿರುವ ವೈದ್ಯರಲ್ಲಿ ಮುಖ್ಯವಾಗಿ ಕೇಳುವುದು ಎರಡು. ಆಟೋಇಮ್ಯೂನ್ ಕಾಯಿಲೆಯನ್ನು ಹೊರರೋಗಿ ವಿಭಾಗದಲ್ಲಿ ಕನ್ನಡದಲ್ಲಿ ವಿವರಿಸುವಾಗ ತಾವು ಬಾಯಿಮಾತಿನಲ್ಲಿ ಏನೆನ್ನುತ್ತೀರಿ, ಮತ್ತು ರೋಗಿಗಳು ಅದನ್ನು ಮರಳಿ ಹೇಳುವಾಗ ಯಾವ ಮಾತಿನಲ್ಲಿ ಹೇಳುತ್ತಾರೆ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಬಳಕೆ ಮೈಸೂರು ಕಡೆಗಿಂತ ಭಿನ್ನವಾಗಿದ್ದರೆ ಅದನ್ನೂ ದಯವಿಟ್ಟು ತಿಳಿಸಬೇಕು. 'ಸ್ವದೇಹದಾಳಿ' ಎಂಬುದು ಸಮಾಸವಾಗಿ ಒರಟೆನಿಸಿದರೆ, ವೈಯಾಕರಣರು ಅದಕ್ಕಿಂತ ನಯವಾದುದನ್ನು ಸೂಚಿಸಿದಲ್ಲಿ ಸಂತೋಷದಿಂದ ಬದಲಾಯಿಸುತ್ತೇನೆ.

ವಂದನೆಗಳು.