ಫೆರಿಟಿನ್ ಜಾಸ್ತಿ ಬಂದರೆ ಕಬ್ಬಿಣ ಸಾಕಷ್ಟಿದೆ ಅಂತಾನಾ?

ಮುಳಬಾಗಿಲು ಮಗ: ಅಪ್ಪನಿಗೆ ಲಿವರ್ ಸಿರೋಸಿಸ್, ಅಂದರೆ ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ. ಹಿಮೋಗ್ಲೋಬಿನ್ 8.1ಕ್ಕೆ ಇಳಿದಿದೆ. ಫೆರಿಟಿನ್ ಮಾತ್ರ 290. ಮೆಡಿಕಲ್ ಶಾಪಿನಲ್ಲಿ ತೋರಿಸಿದರೆ, ಕಬ್ಬಿಣ ಬೇಕಾದಷ್ಟಿದೆ, ಮಾತ್ರೆ ಬೇಡ ಅಂದರು. ಮತ್ತೆ ರಕ್ತ ಯಾಕೆ ಕಡಿಮೆ?

ಶ್ರೀನಿವಾಸಪುರದ ಮಾವು: ಸರಿಯಾಗೇ ಹೇಳಿದ್ದಾರೆ. ಲಿವರ್‌ನಲ್ಲಿ ಕಬ್ಬಿಣ ಸೇರಿದರೆ ಅದೇ ವಿಷ. ಸುಮ್ನೆ ಎರಡು ಬಾಟಲಿ ರಕ್ತ ಹಾಕಿಸಿ, ಮುಗೀತು.

ಲ್ಯಾಬ್ ಅಕ್ಕ: ಮುಗಿಯೋದಿಲ್ಲ. ಫೆರಿಟಿನ್ ಅಂದರೆ ಕಬ್ಬಿಣ ಕೂಡಿಡುವ ಪ್ರೋಟೀನ್. ಲಿವರ್‌ನ ಜೀವಕೋಶ ಹಾಳಾದಾಗ ಅದು ರಕ್ತಕ್ಕೆ ಸೋರುತ್ತದೆ. ಉರಿಯೂತ ಇದ್ದರೂ ಏರುತ್ತದೆ. ಕಣಜ ಒಡೆದು ರಾಗಿ ಅಂಗಳಕ್ಕೆ ಚೆಲ್ಲಿದರೆ, ಅಂಗಳ ನೋಡಿ ಕಣಜ ತುಂಬಿದೆ ಅನ್ನೋಕಾಗುತ್ತಾ? ಫೆರಿಟಿನ್ 30ಕ್ಕಿಂತ ಕಡಿಮೆ ಇದ್ದರೆ ಕೊರತೆ ಅನ್ನಬಹುದು. ಜಾಸ್ತಿ ಇದ್ದರೆ ಕೊರತೆ ಇಲ್ಲ ಅನ್ನಲು ಬರುವುದಿಲ್ಲ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ಪರ್ಸೆಂಟ್ ತುಂಬಿದೆ ಅನ್ನೋದು, ಎಷ್ಟು ಬಂದಿದೆ?

ಮುಳಬಾಗಿಲು ಮಗ: 14 ಪರ್ಸೆಂಟ್. ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 88, ಆರ್‌ಡಿಡಬ್ಲ್ಯೂ (ಕಣಗಳ ಗಾತ್ರದಲ್ಲಿನ ಏರುಪೇರು) 19, ವಿಟಮಿನ್ ಬಿ12 1,400.

ಬಂಗಾರಪೇಟೆ ಪಾನಿಪುರಿ: ಅಕ್ಕಾ, ಸ್ಯಾಚುರೇಶನ್ ನಂಬೋದು ಹೇಗೆ? ಟ್ರಾನ್ಸ್‌ಫೆರಿನ್ ತಯಾರಾಗೋದೇ ಲಿವರ್‌ನಲ್ಲಿ ಅಲ್ವಾ? ಲಿವರ್ ಸೋತರೆ ಆ ಲೆಕ್ಕವೂ ತಪ್ಪು.

ಲ್ಯಾಬ್ ಅಕ್ಕ: ತಪ್ಪುತ್ತದೆ, ಆದರೆ ಯಾವ ಕಡೆಗೆ? ಟ್ರಾನ್ಸ್‌ಫೆರಿನ್ ಕಬ್ಬಿಣ ಹೊರುವ ಗಾಡಿ. ಗಾಡಿ ಕಡಿಮೆಯಾದರೆ ಇದ್ದವೇ ತುಂಬಿದ ಹಾಗೆ ಕಾಣುತ್ತವೆ, ಪರ್ಸೆಂಟ್ ಮೇಲೆ ಹೋಗುತ್ತದೆ. ಹಾಗಿದ್ದೂ ಕನಿಷ್ಠ ಇರಬೇಕಾದ 20ರ ಕೆಳಗೆ ಬಂದಿದೆ. ಉರಿಯೂತಕ್ಕೂ ಇಳಿಯಬಹುದು, ಆದರೂ ನನಗೆ ಕೊರತೆಯ ಅನುಮಾನವೇ ಜಾಸ್ತಿ. ಎಂಸಿವಿ ನಾರ್ಮಲ್ ಅಂತ ಸಮಾಧಾನ ಬೇಡ. ಕಬ್ಬಿಣ ಸಾಲದ ಸಣ್ಣ ಕಣ, ಲಿವರ್ ಕಾಯಿಲೆಯ ದೊಡ್ಡ ಕಣ ಬೆರೆತರೆ ಸರಾಸರಿ 88 ಬರುತ್ತದೆ. ಬೆರಕೆಯ ಗುಟ್ಟು ಜಾಸ್ತಿ ಇರುವ ಆ ಆರ್‌ಡಿಡಬ್ಲ್ಯೂ 19ರಲ್ಲಿದೆ. ಬಿ12 ಕೂಡ ಲಿವರ್ ಕಾಯಿಲೆಯಲ್ಲಿ ಸುಳ್ಳೇ ಏರುತ್ತದೆ.

ಶ್ರೀನಿವಾಸಪುರದ ಮಾವು: ಅಷ್ಟೆಲ್ಲ ಲೆಕ್ಕ ಯಾಕೆ? ರಕ್ತ ಹಾಕಿದರೆ ಹೋಯ್ತು.

ಬಂಗಾರಪೇಟೆ ಪಾನಿಪುರಿ: ಅಣ್ಣಾ, ಸಿರೋಸಿಸ್‌ನಲ್ಲಿ ಅನ್ನನಾಳದ ರಕ್ತನಾಳ ಊದಿರುತ್ತವೆ. ರಕ್ತ ಜಾಸ್ತಿ ಹಾಕಿದರೆ ಒತ್ತಡ ಏರಿ ಅವು ಸೋರಬಹುದು. ಅಲ್ಲಿ ರಕ್ತಸ್ರಾವ ಆದಾಗಲೂ ಸಾಮಾನ್ಯವಾಗಿ ಹಿಮೋಗ್ಲೋಬಿನ್ 7ರ ಕೆಳಗೆ ಇಳಿದರೆ ಹಾಕುತ್ತಾರೆ, 7ರಿಂದ 8ರೊಳಗೆ ಇಡುತ್ತಾರೆ. ಹೃದಯದ ತೊಂದರೆ ಇದ್ದವರದು ಬೇರೆ ಲೆಕ್ಕ.

ಕೋಲಾರದ ಸೊಸೆ: ರಾಗಿ ಮುದ್ದೆ, ಸೊಪ್ಪಿನ ಸಾರು ಕೊಡಿ. ನಮ್ಮ ಮಾವನಿಗೆ ಅದರಲ್ಲೇ ಏರಿತು.

ಲ್ಯಾಬ್ ಅಕ್ಕ: ಕೊಡಿ, ಬೇಡ ಅನ್ನಲ್ಲ. ಆದರೆ ತೂತು ಬಿದ್ದ ಬಿಂದಿಗೆಗೆ ಎಷ್ಟು ನೀರು ಹುಯ್ದರೂ ಅಷ್ಟೇ. ಮಗ, ಅಪ್ಪನಿಗೆ ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿದೆಯಾ? ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಹಾಗಾಗುತ್ತದೆ. ಕಬ್ಬಿಣದ ಮಾತ್ರೆ ತಗೊಂಡರೂ ಕಪ್ಪಾಗುತ್ತದೆ, ಆದರೆ ಅವರು ತಗೊಳ್ಳುತ್ತಿಲ್ಲವಲ್ಲ.

ಮುಳಬಾಗಿಲು ಮಗ: ಈಗ ಕೇಳಿದೆ. ಹತ್ತು ದಿನದಿಂದ ಹಾಗೇ ಅಂತೆ, ಹೇಳೋಕೆ ನಾಚಿಕೆ ಆಯ್ತಂತೆ. ಗಾಡಿ ಹೇಳಿದ್ದೇನೆ ಅಕ್ಕಾ, ಆಸ್ಪತ್ರೆಗೆ ಹೊರಟೆವು.