ಮೂಲನಿವಾಸಿಗಳ ಭಾಷೆ ಕಲಿಯಲು ಅಲ್ಟ್ರಾಸೌಂಡ್?

ಪ್ರಶ್ನೆ: ಕೆನಡಾದ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳ ಬಾಯ್ಮಾತಿನ ಕಥೆಗಳನ್ನು ಓದುತ್ತಿದ್ದೇನೆ. ಅಲ್ಲಿನ ಭಾಷೆಗಳಲ್ಲಿ ಗಂಟಲ ಕಡೆಯಿಂದ ಬರುವ ಒಂದು 'ಕ' ಇದೆ. ಎಷ್ಟು ಕೇಳಿದರೂ ನನ್ನ ಬಾಯಿಗೆ ಬರುತ್ತಿಲ್ಲ. ಇದನ್ನು ಕಲಿಸಲು ಅಲ್ಟ್ರಾಸೌಂಡ್ ಬಳಸುತ್ತಾರಂತೆ, ನಿಜವಾ?

ಉತ್ತರ: ನಿಜ. ನಾನು ಸ್ಪೀಚ್ ಥೆರಪಿಸ್ಟ್, ನಮ್ಮಲ್ಲೂ ಬಳಸುತ್ತೇವೆ. ಪ್ರೋಬನ್ನು (ಯಂತ್ರದ ಕೈಯಲ್ಲಿ ಹಿಡಿಯುವ ಭಾಗ) ಗದ್ದದ ಕೆಳಗೆ ಇಟ್ಟರೆ ನಾಲಿಗೆಯ ಮೇಲ್ಮೈ ಬಿಳಿ ಗೆರೆಯಾಗಿ ಕಾಣುತ್ತದೆ. ಈ 'ಕ' ಹೇಳುವಾಗ ನಾಲಿಗೆಯ ಹಿಂಭಾಗ ಕಿರುನಾಲಿಗೆಯತ್ತ ಹೋಗಬೇಕು. ಅದು ಪರದೆಯಲ್ಲೇ ಗೊತ್ತಾಗುತ್ತದೆ. ತುದಿ ಮಾತ್ರ ಎಷ್ಟೋ ಸಲ ಕಾಣುವುದಿಲ್ಲ, ದವಡೆ ಮೂಳೆಯ ನೆರಳು ಅಡ್ಡ ಬರುತ್ತದೆ. ಎಕ್ಸ್‌ರೇ ತರಹ ವಿಕಿರಣದ ಭಯವಿಲ್ಲ.

ಇನ್ನೊಬ್ಬರು: ಯಂತ್ರ ಸರಿ, ಅಲ್ಲಿನವರ ಮಾತಿನ ರೆಕಾರ್ಡಿಂಗ್ ಯಾರದ್ದು? ಅಲ್ಲಿ 1998ರಿಂದ ಮೂಲನಿವಾಸಿಗಳ ಮಾಹಿತಿ ಬಳಕೆಗೆ ಒಕ್ಯಾಪ್ (OCAP) ಎಂಬ ತತ್ವಗಳಿವೆ. ಮಾಹಿತಿಯ ಒಡೆತನ, ನಿಯಂತ್ರಣ ಎರಡೂ ಸಮುದಾಯದ್ದೇ. ಸುಮ್ನೆ ಪ್ರೋಬ್ ಹಿಡಿದು ಹೋಗಬೇಡಿ, ಮೊದಲು ಹಿರಿಯರನ್ನು ಕೇಳಿ.